ಕಾಫ್ಕಾನನ್ನು ಯಹೂದಿ ಲೇಖಕ ಅನ್ನೋದು ಯಾಕೆ?

ಪ್ರಶ್ನೆ: ಆಧುನಿಕ ಯಹೂದಿ ಲೇಖಕರ ಮಾತು ಬಂದಾಗಲೆಲ್ಲ ಫ್ರಾಂಜ್ ಕಾಫ್ಕಾ ಹೆಸರು ಮೊದಲು ಬರುತ್ತದೆ. ನಾನು ಓದಿದ ಅವನ ಕಥೆಗಳಲ್ಲಿ ಯಹೂದಿಯರ ಸುದ್ದಿಯೇ ಇಲ್ಲ. ಹುಟ್ಟಿದ ಮನೆ ನೋಡಿ ಸುಮ್ನೆ ಸೇರಿಸಿಬಿಟ್ಟಿದ್ದಾರಾ? ಅವನನ್ನು ಎಲ್ಲಿಂದ ಓದಬೇಕು?

ಉತ್ತರ: ಸುಮ್ನೆ ಸೇರಿಸಿಲ್ಲ. ಆದರೆ ನಿಮ್ಮ ಅನುಮಾನ ಸ್ವತಃ ಕಾಫ್ಕಾಗೂ ಇತ್ತು. ಯಹೂದಿಯರಿಗೂ ನನಗೂ ಏನು ಸಂಬಂಧ, ನನಗೂ ನನಗೂ ಇರುವ ಸಂಬಂಧವೇ ಅಷ್ಟಕ್ಕಷ್ಟೆ ಎಂಬರ್ಥದ ಮಾತನ್ನು 1914ರ ಜನವರಿಯಲ್ಲಿ ಡೈರಿಯಲ್ಲಿ ಬರೆದುಕೊಂಡಿದ್ದಾನೆ.

ಅವನು ಹುಟ್ಟಿದ್ದು 1883ರಲ್ಲಿ, ಪ್ರಾಗ್‌ನಲ್ಲಿ. ಊರಿನ ಹೆಚ್ಚಿನವರ ಮಾತು ಚೆಕ್, ಇವನು ಓದಿ ಬರೆದದ್ದು ಜರ್ಮನ್. ಅಪ್ಪ ಹರ್ಮನ್ ಹಳ್ಳಿಯಿಂದ ಬಂದು ಅಂಗಡಿ ಇಟ್ಟು ಮೇಲೆ ಬಂದವನು. ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದದ್ದು ವರ್ಷಕ್ಕೆ ನಾಲ್ಕೇ ದಿನ. ಜೊತೆಗೆ ಹೋದ ಹುಡುಗನಿಗೆ ಬರೀ ಆಕಳಿಕೆ. ಧರ್ಮಗ್ರಂಥದ ಸುರುಳಿಗಳಿರುವ ಕಪಾಟು ತೆರೆದಾಗ ಮಾತ್ರ ಕಣ್ಣರಳಿಸುತ್ತಿದ್ದ. ಗುರಿಗೆ ಹೊಡೆದರೆ ಬಾಗಿಲು ತೆರೆಯುವ ಜಾತ್ರೆಯ ಆಟ ಅವನಿಗೆ ನೆನಪಾಗುತ್ತಿತ್ತು. ಅಲ್ಲಾದರೂ ಏನಾದರೂ ಹೊಸದು ಹೊರಬರುತ್ತಿತ್ತು, ಇಲ್ಲಿ ಮಾತ್ರ ಯಾವಾಗಲೂ ಅದೇ ತಲೆಯಿಲ್ಲದ ಹಳೇ ಗೊಂಬೆಗಳು! ಇದನ್ನು ಅವನು ಬರೆದದ್ದು 1919ರಲ್ಲಿ, ಅಪ್ಪನಿಗೆ ಬರೆದ ಉದ್ದನೆಯ ಪತ್ರದಲ್ಲಿ. ಆ ಪತ್ರ ಅಪ್ಪನ ಕೈ ಸೇರಲೇ ಇಲ್ಲ.

1911ರಲ್ಲಿ ಪ್ರಾಗ್‌ನ ಒಂದು ಕೆಫೆಗೆ ಯಿಡ್ಡಿಶ್ ನಾಟಕದ ತಂಡ ಬಂತು. ಯಿಡ್ಡಿಶ್ ಅಂದರೆ ಪೂರ್ವ ಯುರೋಪಿನ ಯಹೂದಿಯರ ಮನೆಮಾತು. ಪ್ರಾಗ್‌ನ ಅನುಕೂಲಸ್ಥ ಯಹೂದಿಯರಿಗೆ ಅದು ತಾತ್ಸಾರ. ಕಾಫ್ಕಾ ಮಾತ್ರ ಮತ್ತೆ ಮತ್ತೆ ಹೋದ. ಲೋವಿ ಎಂಬ ನಟನ ಗೆಳೆತನ ಮಾಡಿದ. 1912ರ ಫೆಬ್ರವರಿಯಲ್ಲಿ ಅವನದೊಂದು ಕಾರ್ಯಕ್ರಮಕ್ಕೆ ತಾನೇ ಓಡಾಡಿ, ಯಿಡ್ಡಿಶ್ ಬಗ್ಗೆ ಭಾಷಣವನ್ನೂ ಮಾಡಿದ. ಅಪ್ಪ ಅಮ್ಮ ಬರಲಿಲ್ಲ. ಲೋವಿಯ ಪರಿಚಯವೇ ಇಲ್ಲದೆ ಅಪ್ಪ ಅವನನ್ನು ಹುಳಹುಪ್ಪಟೆಗೆ ಹೋಲಿಸಿದ್ದನಂತೆ. ಅದೂ ಪತ್ರದಲ್ಲೇ ಇದೆ. ಆ ವರ್ಷದ ಕೊನೆಗೆ ಕಾಫ್ಕಾ ಬರೆದದ್ದು ಬೆಳಗ್ಗೆ ಎದ್ದಾಗ ಹುಳವಾಗಿದ್ದವನ ಕಥೆ, ‘ಮೆಟಮಾರ್ಫಸಿಸ್’. ಒಂದರಿಂದಲೇ ಇನ್ನೊಂದು ಹುಟ್ಟಿತು ಅನ್ನಲಾರೆ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದದೆ ಇರೋದು ಕಷ್ಟ, ಅಲ್ವಾ?

ಅಂದಹಾಗೆ, ಯಹೂದಿಯರ ಸುದ್ದಿ ಪೂರ್ತಿ ಇಲ್ಲ ಅಂತಲೂ ಅಲ್ಲ. ಪ್ರಾರ್ಥನಾ ಮಂದಿರದಲ್ಲಿ ಸೇರಿಕೊಂಡ ಒಂದು ವಿಚಿತ್ರ ಪ್ರಾಣಿಯ ಬಗ್ಗೆ ಅವನದೊಂದು ಅರ್ಧಕ್ಕೆ ನಿಂತ ಬರಹ ಇದೆ. ಕೊನೆಯ ವರ್ಷಗಳಲ್ಲಿ, ಕ್ಷಯದ ನಡುವೆಯೂ, ಜೆರುಸಲೇಮಿನಿಂದ ಬಂದ ಯುವತಿಯೊಬ್ಬಳಿಂದ ಹೀಬ್ರೂ ಕಲಿಯುತ್ತಿದ್ದ. 1924ರಲ್ಲಿ ತೀರಿಕೊಂಡ. ಅವನ ಮೂವರು ತಂಗಿಯರನ್ನೂ ಮುಂದೆ ನಾಜಿಗಳು ಕೊಂದರು.

ಕಾಫ್ಕಾ ಅಪ್ಪನಿಗೆ ಬರೆದ ಆ ಪತ್ರದಿಂದ ನೀವು ಶುರು ಮಾಡಿ. ಆಮೇಲೆ ಹುಳದ ಕಥೆ. ಯಹೂದಿ ಬೀದಿ, ಮದುವೆ, ಜಗಳ ಎಲ್ಲ ನೇರವಾಗಿ ಬೇಕು ಅಂದರೆ ಕಾಫ್ಕಾ ಬೇಡ, ಐಸಾಕ್ ಬಾಶೆವಿಸ್ ಸಿಂಗರ್ ಓದಿ. ಯಿಡ್ಡಿಶ್‌ನಲ್ಲೇ ಬರೆದು 1978ರಲ್ಲಿ ನೊಬೆಲ್ ಪಡೆದವನು.