ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಎಷ್ಟು ಗಂಟೆ? ಇಳಿದ ಮೇಲೆ ಪೋರ್ಟ್‌ಲ್ಯಾಂಡ್‌ಗೆ ಅಪ್ಪ ಅಮ್ಮಂಗೆ ಬೇರೆ ಟಿಕೆಟ್ ಮಾಡಿದ್ರೆ ಆಗುತ್ತಾ?

ನೇರ ಅಳೆದ್ರೆ ಸುಮಾರು 14,000 ಕಿ.ಮೀ., ಗಂಟೆಗೆ 900ರ ಸ್ಪೀಡಲ್ಲಿ ಭಾಗಿಸಿದ್ರೆ ಹದಿನೈದೂವರೆ ಗಂಟೆ ಬರುತ್ತೆ. ನಮ್ಮ ಅಪ್ಪ ಅಮ್ಮ ಮೊದಲ ಸಲ ಹೊರಟಾಗ ನಾನೂ ಇದೇ ಭಾಗಾಕಾರ ಮಾಡ್ಕೊಂಡು ಕೂತಿದ್ದೆ. ದುಬೈ ಮೇಲೆ ಬರೋದು ಅಗ್ಗಕ್ಕೆ ಸಿಕ್ತು, ದೇವನಹಳ್ಳಿಯಿಂದ ದುಬೈ ನಾಲ್ಕು ಗಂಟೆ, ಅಲ್ಲಿಂದ ಇನ್ನೂ 13,000 ಕಿ.ಮೀ., ಹದಿನಾರು ಗಂಟೆ ಹತ್ರ. ಇದೆಲ್ಲ ಕರೆಕ್ಟಾಗೇ ಆಯ್ತು, ವಿಮಾನ ಟೈಮಿಗೆ ಇಳೀತು. ಕೆಟ್ಟಿದ್ದು ಕೊನೇ ಎರಡು ಗಂಟೆ.

ಪೋರ್ಟ್‌ಲ್ಯಾಂಡ್ ಟಿಕೆಟ್ ಬೇರೆ ಪಿಎನ್‌ಆರ್‌ನಲ್ಲಿ ಮಾಡಿದ್ದೆ, ಎರಡು ಗಂಟೆ ಗ್ಯಾಪ್ ಸಾಕು ಅಂತ. ಅಮೆರಿಕದಲ್ಲಿ ಮೊದಲು ಎಲ್ಲಿ ಇಳೀತೀರೋ ಅಲ್ಲೇ ಇಮಿಗ್ರೇಷನ್, ಅಲ್ಲೇ ಲಗೇಜ್ ಎತ್ಕೊಂಡು ಕಸ್ಟಮ್ಸ್ ದಾಟಬೇಕು, ಒಂದೇ ಟಿಕೆಟ್ ಇದ್ರೂ ಅಷ್ಟೇ. ಆದ್ರೆ ಒಂದೇ ಟಿಕೆಟ್ ಆದ್ರೆ ಹೊರಗೆ ಬರ್ತಿದ್ದಂಗೆ ಪೆಟ್ಟಿಗೆನ ಬೆಲ್ಟಿಗೆ ಹಾಕಿ, ಸೆಕ್ಯೂರಿಟಿ ಮುಗಿಸಿ ಗೇಟ್ ಕಡೆ ಹೋಗಬಹುದು, ಬೇರೆ ಟಿಕೆಟ್ ಆದ್ರೆ ಇನ್ನೊಂದು ಟರ್ಮಿನಲ್ಲಿಗೆ ಪೆಟ್ಟಿಗೆ ತಳ್ಕೊಂಡು ಹೋಗಿ ಹೊಸದಾಗಿ ಚೆಕ್-ಇನ್, ಆಮೇಲೆ ಸೆಕ್ಯೂರಿಟಿ. ಅದರ ಮೇಲೆ ಅಮ್ಮನ ಬ್ಯಾಗಲ್ಲಿ ಪೇಪರ್ ಸುತ್ತಿದ ಹಸಿ ಕರಿಬೇವು. ಅದನ್ನ ಬಿಡಲ್ಲ ಅಲ್ಲಿ. ಪುಳಿಯೋಗರೆ ಗೊಜ್ಜಿನ ಡಬ್ಬಿವರೆಗೆ ಒಂದೊಂದೇ ಮೇಜಿನ ಮೇಲೆ ಇಡಿಸಿ, ಕರಿಬೇವು ಮಾತ್ರ ಕಸಕ್ಕೆ ಹಾಕಿ ಉಳಿದಿದ್ದು ವಾಪಸ್ ಕೊಟ್ರಂತೆ. ಅಷ್ಟೊತ್ತಿಗೆ ಆ ಫ್ಲೈಟ್ ಹೋಗಿತ್ತು. ಬೇರೆ ಟಿಕೆಟ್ ಅಲ್ವಾ, ದುಬೈಯಿಂದ ಕರ್ಕೊಂಡು ಬಂದೋರಿಗೂ ಇದಕ್ಕೂ ಸಂಬಂಧ ಇಲ್ಲ, ಪೋರ್ಟ್‌ಲ್ಯಾಂಡ್ ವಿಮಾನದೋರ ಲೆಕ್ಕದಲ್ಲಿ ಇವರು ಬರಲೇ ಇಲ್ಲ. ದುಡ್ಡು ಹೋಯ್ತು, ಮಾರನೇ ದಿನದ ಟಿಕೆಟ್, ರಾತ್ರಿ ಹೋಟೆಲ್, ಉಳಿಸಿದ್ದರ ಮೂರರಷ್ಟು ಕೈಬಿಟ್ಟಿತು. ಅಪ್ಪ ಇವತ್ತಿಗೂ ಅಣಕಿಸ್ತಾರೆ.

ಹಾಗಾಗಿ ಕಿಲೋಮೀಟರ್ ಕೇಳೋದೇ ಬಿಡಿ, ಅದು ಪೈಲಟ್‌ಗೆ ಬೇಕಾದ್ದು. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಒಂದೂವರೆ ದಿನ ಅಂತ ಇಟ್ಕೊಳ್ಳಿ, ಪೋರ್ಟ್‌ಲ್ಯಾಂಡ್‌ವರೆಗೂ ಒಂದೇ ಟಿಕೆಟ್ ಮಾಡಿ, ನಡುವೆ ನಾಲ್ಕು ಗಂಟೆ ಬಿಡಿ. ವೀಲ್‌ಚೇರ್ ಬುಕ್ ಮಾಡಿಸಿ, ನಡೆಯೋಕೆ ಬರುತ್ತೆ ಅಂತ ಅವರು ಹಠ ಮಾಡಿದ್ರೂ ಕೇಳಬೇಡಿ, ಆ ಉದ್ದ ನಡಿಗೆ ಮತ್ತೆ ಕ್ಯೂ ವಯಸ್ಸಾದೋರಿಗೆ ಕಷ್ಟ, ಜೊತೆಗೆ ದಾರಿ ಗೊತ್ತಿರೋರು ಒಬ್ಬರು ಇರ್ತಾರೆ.

ವಾಪಸ್ ಹೋಗುವಾಗ ತಾರೀಖು ನೋಡ್ಕೊಳ್ಳಿ. 2021ರಲ್ಲಿ ಏರ್ ಇಂಡಿಯಾ ನೇರ ವಿಮಾನ ಶುರು ಮಾಡಿದಾಗ, ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಓಡಿಸಿಕೊಂಡು ಬಂದ್ರಲ್ಲ, ಅದು ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ಬೆಂಗಳೂರಲ್ಲಿ ಇಳಿದಿದ್ದು 11ರ ಸೋಮವಾರ ಬೆಳಗಿನ ಜಾವ. ಹಾರಾಟ ಹದಿನೇಳು ಗಂಟೆ ಚಿಲ್ಲರೆ, ಉಳಿದಿದ್ದು ಹದಿಮೂರೂವರೆ ಗಂಟೆ ಟೈಮ್ ವ್ಯತ್ಯಾಸ (ಬೇಸಿಗೆಯಲ್ಲಿ ಹನ್ನೆರಡೂವರೆ). ಊರಿಂದ ಕಾರು ಕಳಿಸೋರಿಗೆ ವಾರ, ತಾರೀಖು ಎರಡೂ ಬರೆದು ಕಳಿಸಿ, ಬರೀ 'ಮೂರು ಗಂಟೆಗೆ' ಅಂದ್ರೆ ಮಧ್ಯಾಹ್ನ ಬರ್ತಾರೆ.