ಹ್ಲವೆಲಿನ್ ಎಂದರೆ ಸಿಂಹವೇ? ನರಸಿಂಹನ ಒಕ್ಕಲಿನವರು ಮಗನಿಗೆ ಈ ವೆಲ್ಷ್ ಹೆಸರು ಇಡಬಹುದೇ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಒಂಬತ್ತು ವರ್ಷದ ಹಿಂದಿನ ನನ್ನನ್ನೇ ಎದುರಿಗೆ ಕೂರಿಸಿಕೊಂಡಂತಾಯಿತು. ಗಂಡ ವೇಲ್ಸಿನವರು, ಮನೆದೇವರು ನರಸಿಂಹ, ಹುಟ್ಟಲಿರುವುದು ಗಂಡುಮಗು, ಹೆಸರುಗಳ ಜಾಲತಾಣದಲ್ಲಿ ಕಂಡದ್ದು ‘ಸಿಂಹದಂಥವನು’ ಎಂಬ ಅರ್ಥ, ಕೈಯಲ್ಲಿರುವುದು ಎರಡು ಸ್ಪೆಲ್ಲಿಂಗ್. ನನ್ನದೂ ಇಷ್ಟೇ ಆಗಿತ್ತು. ಎರಡರಲ್ಲಿ ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ನಾನು ತಪ್ಪಾದುದನ್ನು ಆರಿಸಿದವಳು, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಾನು ಹಾಸನದವಳು, ಈಗ ಇರುವುದು ಕಾರ್ಡಿಫ್‌ನಲ್ಲಿ. ನನ್ನ ಗಂಡನಿಗೆ ವೆಲ್ಷ್ ಬರುವುದಿಲ್ಲ, ಏಕೆಂದರೆ ಅವರ ಅಪ್ಪ ಮಕ್ಕಳಿಗೆ ಅದನ್ನು ಕಲಿಸಲಿಲ್ಲ. ಆ ಮನೆತನದಲ್ಲಿ ಭಾಷೆ ಉಳಿದಿರುವುದು ಕಾರ್ಮಾರ್ಥೆನ್‌ಶೈರಿನ ಹಳ್ಳಿಯೊಂದರಲ್ಲಿರುವ ಅವರ ಸೋದರತ್ತೆಯ ಬಾಯಲ್ಲಿ ಮಾತ್ರ. ಮಗು ಹುಟ್ಟಿದ ಮರುದಿನ ಆಕೆಗೆ ಫೋನಿನಲ್ಲಿ ಹೆಸರು ಹೇಳಿದೆವು. ವಾರದೊಳಗೆ ಅಂಚೆಯಲ್ಲಿ ಒಂದು ಕಾರ್ಡು ಬಂತು; ನೀಲಿ ಶಾಯಿಯಲ್ಲಿ, ನಡುಗುವ ಕೈಬರಹದಲ್ಲಿ ಮಗುವಿನ ಹೆಸರು ಹೀಗಿತ್ತು: ಎಲ್, ಎಲ್, ವೈ, ಡಬ್ಲ್ಯು, ಇ, ಎಲ್, ವೈ, ಎನ್. ನಾವು ಅಂದುಕೊಂಡಿದ್ದುದು ಬೇರೆ: ಎಲ್, ಎಲ್, ಇ, ಡಬ್ಲ್ಯು, ಇ, ಎಲ್, ಎಲ್, ವೈ, ಎನ್. ಪಾಪ, ವಯಸ್ಸಾದವರು, ಕಾಗುಣಿತ ತಪ್ಪಿದ್ದಾರೆ ಎಂದುಕೊಂಡು ಕಾರ್ಡನ್ನು ಕಿಟಕಿಯ ದಂಡೆಯ ಮೇಲೆ ನಿಲ್ಲಿಸಿದೆ.

ನನ್ನ ತಪ್ಪು ಇರುವುದು ಇಲ್ಲೇ. ಇದನ್ನು ನಾನು ಎಷ್ಟು ಸಲ ಬಿಡಿಸಿ ನೋಡಿದ್ದೇನೆಂದರೆ, ಒಂದೊಂದು ಎಳೆಯನ್ನೂ ಹೇಳದೆ ಮುಂದೆ ಹೋಗಲಾರೆ. ಆ ಮನೆಯಲ್ಲಿ ವೆಲ್ಷ್ ಓದಲು, ಬರೆಯಲು ಬರುತ್ತಿದ್ದ ಏಕೈಕ ವ್ಯಕ್ತಿ ಹೆಸರನ್ನು ಕೈಯಾರೆ ಬರೆದು ಕಳಿಸಿದ್ದರು. ಫೋನೆತ್ತಿ ‘ಅತ್ತೆ, ಹೀಗೇಕೆ ಬರೆದಿದ್ದೀರಿ’ ಎಂದು ಒಂದು ಮಾತು ಕೇಳಲು ಎರಡು ನಿಮಿಷ ಸಾಕಿತ್ತು. ನಾನು ಕೇಳಿದ್ದು ಹಾಸನದಲ್ಲಿದ್ದ ಅಮ್ಮನನ್ನು. ವಿಡಿಯೋ ಕರೆಯಲ್ಲಿ ಎರಡೂ ಸ್ಪೆಲ್ಲಿಂಗ್ ತೋರಿಸಿದಾಗ ಅಮ್ಮ ಬೆರಳು ಮಡಚಿ ಎಣಿಸಿ, ‘ಮೊದಲನೆಯದರಲ್ಲಿ ಎಂಟು ಅಕ್ಷರ, ಎಂಟು ಶನಿಯ ಸಂಖ್ಯೆ, ಬೇಡ; ಒಂಬತ್ತಿರುವುದನ್ನೇ ಇಡು’ ಎಂದರು. ಜಾಲತಾಣವೂ ಒಂಬತ್ತಕ್ಷರದ ರೂಪದ ಮುಂದೆಯೇ ಸಿಂಹ ಎಂದು ಬರೆದಿತ್ತು. ಐದನೇ ವಾರದಲ್ಲಿ ನೋಂದಣಿಗೆ ಹೋದೆವು (ಇಲ್ಲಿ 42 ದಿನದೊಳಗೆ ಜನನ ನೋಂದಾಯಿಸಬೇಕು). ಅಲ್ಲಿದ್ದ ಹೆಂಗಸು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ, ಒಂದೊಂದು ಅಕ್ಷರವನ್ನೂ ಓದಿ ನೋಡಿ, ನಡುವೆ ಒಂದು ಎಲ್ಲೋ ಎರಡೋ ಎಂದು ಕೇಳಿದರು. ‘ಎರಡು’ ಎಂದು ಗಟ್ಟಿಯಾಗಿ ಹೇಳಿ ಸಹಿ ಹಾಕಿದೆ. ಗಂಡನ ಭಾಷೆಯ ಹೆಸರನ್ನು, ಆ ಭಾಷೆ ಬಲ್ಲವರು ಬರೆದು ಕೊಟ್ಟ ಮೇಲೂ, ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ ಎಣಿಸಿ ತಿದ್ದಿದವಳು ನಾನು. ವೆಲ್ಷ್ ವರ್ಣಮಾಲೆಯಲ್ಲಿ ಜೋಡಿ ಎಲ್ ಒಂದೇ ಅಕ್ಷರ, ಆದ್ದರಿಂದ ಅತ್ತೆ ಬರೆದ ಹೆಸರಿನಲ್ಲಿ ಇದ್ದದ್ದು ಏಳೇ ಅಕ್ಷರ, ಶನಿಗೆ ಅಲ್ಲಿ ಜಾಗವೇ ಇರಲಿಲ್ಲ ಎಂಬುದು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು.

ನೋಂದಣಿಯಾದದ್ದು ಫೆಬ್ರವರಿಯಲ್ಲಿ. ಮರುವರ್ಷದ ಏಪ್ರಿಲ್‌ನಲ್ಲಿ, ಈಸ್ಟರಿಗೆ ಮುಂಚಿನ ಭಾನುವಾರ, ಅತ್ತೆಯ ಹಳ್ಳಿಗೆ ಹೋದೆವು. ದಕ್ಷಿಣ ವೇಲ್ಸಿನಲ್ಲಿ ಅದನ್ನು ಹೂವಿನ ಭಾನುವಾರವೆಂದೇ ಕರೆಯುತ್ತಾರೆ. ಮನೆಯವರೆಲ್ಲ ಹೋಗಿ ಹಿರಿಯರ ಸಮಾಧಿಗಳನ್ನು ತೊಳೆದು ಡ್ಯಾಫೊಡಿಲ್ ಹೂ ಇಡುತ್ತಾರೆ. ಚಾಪೆಲ್ಲಿನ ಹಿಂದಿನ ಕಪ್ಪು ಸ್ಲೇಟು ಕಲ್ಲೊಂದರ ಪಾಚಿಯನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಾಗ ಗಂಡನ ಮುತ್ತಜ್ಜನ ಹೆಸರು ಒಂದೊಂದೇ ಅಕ್ಷರವಾಗಿ ಮೇಲೆ ಬಂತು. ಮೊದಲ ಜೋಡಿ ಎಲ್ ಆದ ಮೇಲೆ ಇದ್ದದ್ದು ವೈ. ಕಾರ್ಡಿನಲ್ಲಿದ್ದ ಸ್ಪೆಲ್ಲಿಂಗೇ ಅದು. ಅತ್ತೆ ಏನೂ ಅನ್ನಲಿಲ್ಲ, ಮಗುವನ್ನು ಎತ್ತಿಕೊಂಡು ಕಲ್ಲಿನ ಮೇಲಿನ ನೀರು ಒರೆಸಿದರು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಮಗುವಿನ ಹೆಸರನ್ನು ಜನನ ದಾಖಲೆಯಲ್ಲಿ ಬದಲಿಸಿಕೊಳ್ಳಲು ನೋಂದಣಿಯಾದ ದಿನದಿಂದ 12 ತಿಂಗಳ ಅವಕಾಶವಿದೆ. ನಮಗೆ ಎರಡು ತಿಂಗಳು ತಡವಾಗಿತ್ತು. ಬರೆದುಕೊಂಡವರ ತಪ್ಪೆನ್ನಲು, ಓದಿ ಸಹಿ ಹಾಕಿದವಳು ನಾನೇ.

ಅಲ್ಲಿಂದ ಮುಂದೆ ಈ ಹೆಸರಿನ ಬೆನ್ನು ಹತ್ತಿದೆ. ವೆಲ್ಷ್‌ನಲ್ಲಿ ಸಿಂಹಕ್ಕೆ ‘ಹ್ಲೆವ್’ ಎನ್ನುತ್ತಾರೆ, ಅದು ಲ್ಯಾಟಿನ್ನಿನಿಂದ ಬಂದ ಪದ. ಚುಕ್ಕಾಣಿಗೆ, ನಾಯಕನಿಗೆ ‘ಹ್ಲಿವ್’ ಎನ್ನುತ್ತಾರೆ. ಸರ್ಕಾರ ಎಂಬುದಕ್ಕೆ ಅವರ ಪದ ‘ಹ್ಲವೊಡ್ರೈಥ್’ ಹುಟ್ಟಿದ್ದು ಅದರಿಂದಲೇ. ಜಾಲತಾಣಗಳು ಹೇಳುವ ಸಿಂಹ, ನಾಯಕ ಎಂಬ ಎರಡು ಅರ್ಥಗಳೂ ಹೀಗೆ ಕಿವಿಗೆ ಹತ್ತಿರವಾದ ಪದಗಳಿಂದ ಬಂದವು. ಭಾಷಾವಿದ್ವಾಂಸರು ಸಾಮಾನ್ಯವಾಗಿ ಕೊಡುವ ಮೂಲ ಬೇರೆ: ವೆಲ್ಷ್‌ಗೆ ತಾಯಿಯಾದ ಪ್ರಾಚೀನ ಬ್ರಿಟಾನಿಕ್ ಭಾಷೆಯ ‘ಲುಗುಬೆಲಿನೊಸ್’. ಇದು ಶಾಸನದಲ್ಲಿ ಸಿಕ್ಕ ರೂಪವಲ್ಲ, ಧ್ವನಿನಿಯಮಗಳ ಮೂಲಕ ಪುನಾರಚಿಸಿದ್ದು. ಮೊದಲರ್ಧದ ಲುಗುಸ್ ಕೆಲ್ಟಿಕ್ ದೇವತೆ; ಫ್ರಾನ್ಸಿನ ಲಿಯೊನ್ ನಗರದ ಹಳೆಯ ಹೆಸರಾದ ಲುಗ್ದುನುಮ್‌ನಲ್ಲಿ ಕಾಣುವುದು ಅವನೇ, ಐರ್ಲೆಂಡಿನ ಕಥೆಗಳ ಲೂ ಕೂಡ ಅವನೇ. ಉತ್ತರಾರ್ಧದ ‘ಬೆಲಿನೊಸ್’ ಸಹ ಪುರಾತನ ಹೆಸರುಗಳ ಅಂಗ: ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಆಗ್ನೇಯ ಬ್ರಿಟನ್ನಿನಲ್ಲಿ ನಾಣ್ಯ ಹೊಡೆಸಿದ ಕುನೊಬೆಲಿನುಸ್ ಎಂಬ ಅರಸನ ಹೆಸರು ವೆಲ್ಷ್‌ನಲ್ಲಿ ಸವೆದು ಕನ್‌ವೆಲಿನ್ ಆಗಿದೆ. ನಮ್ಮ ಪಾಲು ಹಾಲಾದಂತೆ ಅಲ್ಲಿ ಸ್ವರಗಳ ನಡುವಿನ ‘ಬ’ ಮೆತ್ತಗಾಗಿ ‘ವ’ ಆಗುತ್ತದೆ, ‘ಗ’ ಕರಗಿ ಹೋಗುತ್ತದೆ, ಕೊನೆಯ ಪ್ರತ್ಯಯ ಉದುರಿ ಬೀಳುತ್ತದೆ.

ಸಿಂಹ ಬಂದು ಸೇರಿಕೊಂಡ ಬಗೆ ನಮಗೆ ಹೊಸದೇನಲ್ಲ. ಬೆಂಗಳೂರು ಎಂಬ ಹೆಸರು 9ನೇ ಶತಮಾನದ ಬೇಗೂರಿನ ವೀರಗಲ್ಲಿನಲ್ಲೇ ಇದ್ದರೂ, ಮುಂದಿನ ಶತಮಾನಗಳ ಹೊಯ್ಸಳ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆಯನ್ನು ನಾವು ಬಿಟ್ಟಿದ್ದೇವೆಯೇ? ವೇಲ್ಸಿನಲ್ಲಂತೂ ಅದು ಇನ್ನೂ ಸುಲಭವಾಗಿತ್ತು. ಲುಗುಸ್ ದೇವತೆಯ ವೆಲ್ಷ್ ರೂಪ ‘ಹ್ಲೆಯ್’. ವೇಲ್ಸಿನ ಹಳೆಯ ಪುರಾಣಕಥೆಗಳಾದ ಮಬಿನೋಗಿಯನ್ನು ಪ್ರತಿ ಮಾಡಿದ 14ನೇ ಶತಮಾನದ ಲಿಪಿಕಾರರೇ ಅವನ ಹೆಸರನ್ನು ಸಿಂಹ ಎಂದಾಗುವಂತೆ ‘ಹ್ಲೆವ್’ ಎಂದು ಬರೆದಿದ್ದಾರೆ. ಅದೇ ಕಥೆಯೊಳಗಿನ ಪದ್ಯಗಳ ಪ್ರಾಸವನ್ನು ನೋಡಿದಾಗ ಮಾತ್ರ ಸರಿಯಾದ ರೂಪ ಯಾವುದೆಂದು ಗೊತ್ತಾಗುತ್ತದೆ. ಇನ್ನು ಉತ್ತರ ವೇಲ್ಸಿನ ಗ್ವಿನೆಡ್ ರಾಜ್ಯದ ಅರಸರ ಲಾಂಛನದಲ್ಲಿ ನಾಲ್ಕು ಸಿಂಹಗಳಿದ್ದವು, ಅದನ್ನು ಕಂಡವರಿಗೆ ಬೇರೆ ಪುರಾವೆ ಏಕೆ ಬೇಕು?

ಆ ಅರಸರಿಂದಲೇ ಹೆಸರಿಗೆ ತೂಕ ಬಂದದ್ದು. 1240ರಲ್ಲಿ ತೀರಿಕೊಂಡ ಹ್ಲವೆಲಿನ್ ಅಪ್ ಯೊರ್ವೆರ್ಥ್‌ನನ್ನು (‘ಅಪ್’ ಎಂದರೆ ಮಗ) ‘ಮಹಾನ್’ ಎನ್ನುತ್ತಾರೆ, ಇಂಗ್ಲೆಂಡಿನ ಜಾನ್ ದೊರೆಯ ಮಗಳು ಅವನ ಹೆಂಡತಿ. ಅವನ ಮೊಮ್ಮಗ ಹ್ಲವೆಲಿನ್ ಅಪ್ ಗ್ರಿಫಿಥ್‌ನನ್ನು 1267ರ ಮಾಂಟ್‌ಗೊಮರಿ ಒಪ್ಪಂದದಲ್ಲಿ ಇಂಗ್ಲೆಂಡೇ ವೇಲ್ಸಿನ ರಾಜಕುಮಾರನೆಂದು ಒಪ್ಪಿಕೊಂಡಿತ್ತು. 1282ರ ಡಿಸೆಂಬರ್ 11ರಂದು ಕಿಲ್‌ಮೆರಿಯ ಬಳಿ ಅವನನ್ನು ಕೊಂದು ತಲೆಯನ್ನು ಲಂಡನ್ನಿಗೆ ಒಯ್ದರು. ‘ಕೊನೆಯವನು’ ಎಂಬ ಬಿರುದು ಅವನದು. ಆ ವರ್ಷವೇ ಹುಟ್ಟಿದ್ದ ಅವನ ಒಬ್ಬಳೇ ಮಗಳು ಗ್ವೆನ್‌ಹ್ಲಿಯನ್‌ಳನ್ನು ಇಂಗ್ಲೆಂಡಿನ ಸೆಂಪ್ರಿಂಗ್‌ಹ್ಯಾಮ್ ಮಠದಲ್ಲಿ ಇರಿಸಿದರು, ಅಲ್ಲೇ ಆಕೆ 1337ರಲ್ಲಿ ಸತ್ತಳು. ಅಲ್ಲಿನ ಬರಹಗಳಲ್ಲಿ ಆಕೆಯ ಹೆಸರು ‘ವೆಂಟ್ಲಿಯಾನ್’ ಎಂದಾಗಿದೆ. ಅದನ್ನು ಓದಿದ ದಿನ ನನಗೆ ನಮ್ಮ ಜನನ ಪತ್ರ ನೆನಪಾಯಿತು.

ತೊಡಕೆಲ್ಲ ಆ ಜೋಡಿ ಎಲ್‌ನದು. ನಮ್ಮ ‘ಳ’ ಅದಲ್ಲ. ನಾಲಿಗೆಯ ತುದಿಯನ್ನು ‘ಲ’ ಎನ್ನುವ ಜಾಗದಲ್ಲಿಟ್ಟು, ಗಂಟಲಿನ ದನಿ ನಿಲ್ಲಿಸಿ, ಅಂಚಿನಿಂದ ಬರೀ ಗಾಳಿ ಬಿಟ್ಟರೆ ಬರುತ್ತದೆ. ನಾನಿಲ್ಲಿ ‘ಹ್ಲ’ ಎಂದು ಬರೆಯುತ್ತಿರುವುದು ಅಂದಾಜು ಮಾತ್ರ. ಇಂಗ್ಲಿಷರು ಇದಕ್ಕೆ ‘ಫ್ಲ’ ಎಂದರು. ಲಾಯ್ಡ್ ಎಂಬ ವೆಲ್ಷ್ ಹೆಸರು ಫ್ಲಾಯ್ಡ್ ಆಯಿತು, ಷೇಕ್ಸ್‌ಪಿಯರ್‌ನ ಐದನೇ ಹೆನ್ರಿ ನಾಟಕದ ವೆಲ್ಷ್ ಸೇನಾನಿ ಫ್ಲುಯೆಲೆನ್ ಆದ. ಅಪ್ಪನ ಹೆಸರನ್ನೇ ಹಿಂದೆ ಸೇರಿಸಿಕೊಳ್ಳುತ್ತಿದ್ದ ವೆಲ್ಷ್ ಜನರು, ನಮ್ಮ ಇನಿಷಿಯಲ್ ಪದ್ಧತಿಯವರು ಪಾಸ್‌ಪೋರ್ಟ್ ಕಚೇರಿಯಲ್ಲಿ ಮಾಡುವಂತೆ, 16ನೇ ಶತಮಾನದಲ್ಲಿ ಇಂಗ್ಲಿಷ್ ಕಾನೂನಿನಡಿ ಬಂದ ಮೇಲೆ ಒಂದೊಂದಾಗಿ ಕಾಯಂ ಅಡ್ಡಹೆಸರು ಹಿಡಿಯಬೇಕಾಯಿತು. ಅಪ್ ರ‍್ಹೀಸ್ ಎಂಬುದು ಪ್ರೈಸ್ ಆಯಿತು, ಅಪ್ ಹವೆಲ್ ಎಂಬುದು ಪೊವೆಲ್ ಆಯಿತು. ಹ್ಲವೆಲಿನ್‌ನ ಮಕ್ಕಳು ಎಷ್ಟೋ ಕಡೆ ಸಂಬಂಧವೇ ಇಲ್ಲದ ಲೂಯಿಸ್ ಎಂಬ ಹೆಸರಿಗೆ ಬಂದು ನಿಂತರು. ನನ್ನ ಗಂಡನ ಅಡ್ಡಹೆಸರೂ ಲೂಯಿಸ್. ನಮ್ಮ ಹುಡುಗ ಪ್ರಾಯಶಃ ಒಂದೇ ಹೆಸರನ್ನು ಎರಡು ಸಲ ಹೊತ್ತಿದ್ದಾನೆ.

ತಪ್ಪಿನ ಬೆಲೆ ಗೊತ್ತಾದದ್ದು ಅವನನ್ನು ವೆಲ್ಷ್ ಮಾಧ್ಯಮದ ಶಾಲೆಗೆ ಸೇರಿಸಿದಾಗ. ಕನ್ನಡದಂತೆಯೇ ವೆಲ್ಷ್ ಕೂಡ ಬರೆದಂತೆ ಓದುವ ಭಾಷೆ. ನಡುವೆಯೂ ಜೋಡಿ ಎಲ್ ಇದ್ದುದರಿಂದ ಶಿಕ್ಷಕಿ ಮೊದಲ ದಿನ ಹಾಜರಿ ಕರೆಯುವಾಗ ‘ಹ್ಲೆವೆಹ್ಲಿನ್’ ಎಂದು ಎರಡೆರಡು ಕಡೆ ಗಾಳಿ ಬಿಟ್ಟು ಓದಿದರಂತೆ. ಅವರದೇನೂ ತಪ್ಪಿಲ್ಲ, ಬರೆದದ್ದನ್ನು ಓದಿದರು. ಸಂಜೆ ಮನೆಗೆ ಬಂದ ಹುಡುಗ ಷೂ ಕೂಡ ಬಿಚ್ಚದೆ, ‘ಅಮ್ಮಾ, ನನ್ನ ಹೆಸರು ಯಾವುದು?’ ಎಂದು ಕೇಳಿದ. ಆಮೇಲೆ ಡೀಡ್ ಪೋಲ್ (ಹೆಸರು ಬದಲಿಸಿಕೊಳ್ಳುವ ಕಾನೂನು ಪತ್ರ) ಮಾಡಿಸಿ, ಇಬ್ಬರೂ ಸಹಿ ಹಾಕಿ, ಶಾಲೆ, ಡಾಕ್ಟರು, ಪಾಸ್‌ಪೋರ್ಟು, ಓಸಿಐ ಕಾರ್ಡು ಎಂದು ಒಂದೊಂದನ್ನೂ ತಿದ್ದಿಸಿದೆವು. ಜನನ ಪತ್ರದಲ್ಲಿ ಮಾತ್ರ ಇಂದಿಗೂ ನನ್ನ ಒಂಬತ್ತು ಅಕ್ಷರಗಳು ಹಾಗೇ ಕೂತಿವೆ, ಎಲ್ಲಿ ಅದನ್ನು ಕೊಟ್ಟರೂ ಜೊತೆಗೆ ಡೀಡ್ ಪೋಲ್ ಇಡಬೇಕು.

ಈಗ ನಿಮ್ಮ ವಿಷಯ. ಹೆಸರು ಇಡಿ, ಖಂಡಿತ ಇಡಿ, ಮೊದಲಿಗೆ ವೈ ಇರುವ ರೂಪದಲ್ಲೇ ಇಡಿ. ಇ ಇರುವ ರೂಪವೂ ನೂರಾರು ವರ್ಷಗಳಿಂದ ಬಳಕೆಯಲ್ಲಿದೆ, ನಿಮ್ಮವರ ಮನೆಯ ಹಿರಿಯರೇ ಹಾಗೆ ಬರೆಯುತ್ತಿದ್ದರೆ ಅದು ಬೇರೆ ಮಾತು. ಆದರೆ ಸಿಂಹಕ್ಕಾಗಿ ಇಡುತ್ತೇನೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ನರಸಿಂಹ ಬೇಕಿದ್ದರೆ ನರಸಿಂಹ ಎಂದೇ ಇನ್ನೊಂದು ಹೆಸರು ಇಡಿ, ಪತ್ರದಲ್ಲಿ ಅದಕ್ಕೂ ಜಾಗವಿದೆ. ವೆಲ್ಷ್ ಹೆಸರಿನ ಬೆನ್ನ ಮೇಲೆ ನಮ್ಮ ಮನೆದೇವರನ್ನು ಹೊರಿಸಲು ಹೋಗಿಯೇ ನಾನು ಕೆಟ್ಟದ್ದು. ಅಕ್ಷರ ಎಣಿಸುವವರಿಗೆ ಹೆಸರು ಬರೆದು ತೋರಿಸಬೇಡಿ. ಸಂಬಂಧದ ಕೊಂಡಿ ಬೇಕು ಎಂದೂ ಕೇಳಿದ್ದೀರಿ; ನಿಮ್ಮ ಅಮ್ಮನಿಗೆ ಬೆದ್‌ಗೆಲರ್ಟ್ ಊರಿನ ಕಥೆ ಹೇಳಿ. ಮಹಾನ್ ಹ್ಲವೆಲಿನ್ ಬೇಟೆಯಿಂದ ಬಂದಾಗ ನಾಯಿಯ ಬಾಯೆಲ್ಲ ರಕ್ತ. ಮಗುವನ್ನು ತಿಂದಿತೆಂದು ದುಡುಕಿ ಕೊಂದ ಮೇಲೆ ನೋಡಿದರೆ ಮಗು ಕ್ಷೇಮ, ಪಕ್ಕದಲ್ಲಿ ಸತ್ತ ತೋಳ. ನನ್ನ ಅಮ್ಮ ಅರ್ಧ ಕೇಳುವಷ್ಟರಲ್ಲೇ, ‘ಇದು ನಮ್ಮ ಮುಂಗುಸಿ ಕಥೆಯಲ್ಲವೇನೇ’ ಎಂದರು. ಪಂಚತಂತ್ರದ ಕಥೆಯೇ ಅದು. ದೇಶದೇಶ ತಿರುಗಿ ಅಲ್ಲಿಗೆ ಮುಟ್ಟಿ, 18ನೇ ಶತಮಾನದ ಕೊನೆಯಲ್ಲಿ ಆ ಊರಿನ ಹೋಟೆಲಿನವನೊಬ್ಬ ಪ್ರವಾಸಿಗರಿಗಾಗಿ ನಾಯಿಯ ಸಮಾಧಿಯನ್ನೂ ಕಟ್ಟಿಸಿದ್ದಾನೆ. ಊರಿಗೆ ಹೆಸರು ಬಂದದ್ದು ಬಹುಶಃ ಕೆಲರ್ಟ್ ಎಂಬ ಹಳೆಯ ಸಂತನಿಂದ.

ಎಲ್ಲಕ್ಕಿಂತ ಮೊದಲು, ನೋಂದಣಿಗೆ ಹೋಗುವ ಮುನ್ನ, ನಿಮ್ಮ ಯಜಮಾನರ ಕಡೆಯಲ್ಲಿ ವೆಲ್ಷ್ ಬಲ್ಲ ಹಿರಿಯರೊಬ್ಬರ ಕೈಗೆ ಹಾಳೆ ಕೊಟ್ಟು ಹೆಸರು ಬರೆಸಿಕೊಳ್ಳಿ, ಅದನ್ನೇ ಒಯ್ದು ತೋರಿಸಿ. ಉಚ್ಚಾರಣೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಾಸನದಲ್ಲಿ ನಮ್ಮ ಹುಡುಗ ‘ಲವ’ ಆಗಿದ್ದಾನೆ, ಕುಶ ಯಾವಾಗ ಎಂದು ಪಕ್ಕದ ಮನೆಯವರು ಕೇಳುತ್ತಾರೆ. ಅತ್ತೆಗೆ ಈಗ ತೊಂಬತ್ತು ದಾಟಿದೆ. ಅಷ್ಟು ಚೆನ್ನಾಗಿ ಸ್ಪೆಲ್ಲಿಂಗ್ ಬಲ್ಲ ಅವರು ಅವನನ್ನು ಪೂರ್ತಿ ಹೆಸರಿನಿಂದ ಕರೆದದ್ದನ್ನು ನಾನು ಕೇಳಿಯೇ ಇಲ್ಲ. ಬಾಗಿಲಲ್ಲಿ ಕಂಡ ಕೂಡಲೇ ‘ಹ್ಲೆವ್ ಬಾಖ್’ ಎನ್ನುತ್ತಾರೆ. ಪುಟ್ಟ ಸಿಂಹ ಎಂದರ್ಥ.