ಮೊಲವನ್ನು ಗೂಡಿನಿಂದ ಬಿಟ್ಟು ಮನೆಯೊಳಗೇ ಸಾಕಬಹುದಾ?

ಚಿಕ್ಕ ಬಾಡಿಗೆ ಮನೆ, ಮೊಲವನ್ನು ದಿನವಿಡೀ ಗೂಡಿನಲ್ಲಿಡಲು ಮನಸ್ಸಿಲ್ಲ, ಬಿಟ್ಟರೆ ಏನಾದರೂ ಆದೀತು ಅನ್ನೋ ಭಯ ಅಂತ ಬರೆದಿದ್ದೀರಿ. ಖಂಡಿತ ಬಿಡಿ. ನಮ್ಮ ಮೊಲ 6 ವರ್ಷದಿಂದ ಮನೆಯೊಳಗೆ ಬಿಡುಬೀಸಾಗಿ ಓಡಾಡಿಕೊಂಡಿದೆ. ಆದರೆ ಮೊದಲ ದಿನವೇ ಇಡೀ ಮನೆ ಬೇಡ, ಒಂದು ರೂಮಿನಿಂದ ಶುರು ಮಾಡಿ.

ಎಲ್ಲಕ್ಕಿಂತ ಮುಂಚೆ ವೈರು. ಮೊಲದ ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ, ಕಡಿಯಬೇಡ ಅಂದರೆ ಅದು ಕೇಳುವುದಿಲ್ಲ. ನಮ್ಮದು ಬಂದ ವಾರದಲ್ಲೇ ಚಾರ್ಜರ್ ವೈರನ್ನು ಎರಡು ತುಂಡು ಮಾಡಿತ್ತು. ಸ್ವಿಚ್ ಆಫ್ ಆಗಿದ್ದಕ್ಕೆ ಉಳಿಯಿತು, ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನೆಲಕ್ಕೆ ಬೋರಲು ಮಲಗಿ ಅದರ ಎತ್ತರದಿಂದ ರೂಮು ನೋಡಿದೆ, ಆಗಲೇ ಗೊತ್ತಾಗಿದ್ದು ಮಂಚದ ಕೆಳಗೆ, ಫ್ರಿಡ್ಜ್ ಹಿಂದೆ, ಟಿವಿ ಸ್ಟ್ಯಾಂಡಿನ ಸಂದಿಯಲ್ಲಿ ಎಷ್ಟೊಂದು ವೈರು ಇಳಿಬಿದ್ದಿವೆ ಅಂತ. ಎಲೆಕ್ಟ್ರಿಕಲ್ ಅಂಗಡಿಯ ಫ್ಲೆಕ್ಸಿಬಲ್ ಪೈಪು ತಂದು ಉದ್ದಕ್ಕೆ ಸೀಳಿ, ವೈರನ್ನು ಒಳಗೆ ಕೂರಿಸಿ. ಸಂದಿಗಳನ್ನು ಹಲಗೆಯಿಂದ ಮುಚ್ಚಿ. ಕಡಿಯಲು ಅದರದ್ದೇ ವಸ್ತು ಇರಲಿ: ಒಣಹುಲ್ಲು ಯಾವಾಗಲೂ, ಜೊತೆಗೆ ರಟ್ಟಿನ ಪೆಟ್ಟಿಗೆ.

ಇನ್ನು ನೆಲ. ಇದನ್ನು ಯಾರೂ ಯೋಚಿಸುವುದೇ ಇಲ್ಲ. ನಾಯಿ ಬೆಕ್ಕಿಗಿರುವ ಮೆತ್ತೆ ಮೊಲದ ಪಾದಕ್ಕಿಲ್ಲ, ಬರೀ ಕೂದಲು, ಹಾಗಾಗಿ ಟೈಲ್ಸ್ ಮೇಲೆ ಕಾಲು ಜಾರಿ ಸೊಂಟಕ್ಕೆ ಪೆಟ್ಟಾಗಬಹುದು. ಓಡಾಡುವ ದಾರಿಗೆ ಹಳೇ ಜಮಖಾನ ಹಾಸಿ. ಅದರ ದಾರ ಕಿತ್ತು ತಿನ್ನುತ್ತಿದ್ದರೆ ಮಾತ್ರ ತೆಗೆದುಬಿಡಿ. ಬೇಸಿಗೆ ಮಧ್ಯಾಹ್ನ ಒಂದಿಷ್ಟು ಟೈಲ್ಸ್ ಖಾಲಿ ಬಿಡಿ, ತಂಪಿಗೆ ಅಲ್ಲೇ ಮಲಗುತ್ತದೆ. 30 ಡಿಗ್ರಿ ದಾಟಿದರೆ ಮೊಲಕ್ಕೆ ಕಷ್ಟ, ಫ್ಯಾನ್ ಒಂದೇ ಸಾಲದು, ಐಸ್ ಕಟ್ಟಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ.

ನುಸಿಗುಳಿಗೆ, ಇಲಿ ಪಾಷಾಣ ಮನೆಯಲ್ಲೇ ಬೇಡ. ಮನಿ ಪ್ಲಾಂಟ್ ಕುಂಡ ಮೇಲಕ್ಕೆ ಹೋಗಲಿ.

ಗಲೀಜಿನ ಚಿಂತೆ ಜಾಸ್ತಿ ಬೇಡ. ಒಂದು ಅಗಲ ಟ್ರೇನಲ್ಲಿ ಪೇಪರ್ ಹಾಕಿ, ಒಂದು ತುದಿಗೆ ಹುಲ್ಲಿಡಿ. ಮೊಲಕ್ಕೆ ಹುಲ್ಲು ತಿನ್ನುತ್ತಲೇ ಹಿಕ್ಕೆ ಹಾಕುವ ಅಭ್ಯಾಸ. ಅಲ್ಲಲ್ಲಿ ಉಚ್ಚೆ ಸಿಡಿಸುತ್ತಿದ್ದರೆ, ಮೊಲಗಳ ಅನುಭವವಿರುವ ಡಾಕ್ಟರ ಹತ್ತಿರ ಸಂತಾನಹರಣ ಮಾಡಿಸಿ, ಬಹಳ ಕಡಿಮೆಯಾಗುತ್ತದೆ.

ಬಿಟ್ಟು ಸಾಕುವಾಗ ಎಷ್ಟು ತಿಂತು ಅಂತ ಗೊತ್ತಾಗುವುದಿಲ್ಲ ಅಲ್ವಾ, ಅದಕ್ಕೆ ಬೆಳಿಗ್ಗೆ ಎದ್ದ ಕೂಡಲೇ ಟ್ರೇ ನೋಡಿ. ಹಿಕ್ಕೆ ಇಲ್ಲ, ಹುಲ್ಲೂ ಮುಟ್ಟಿಲ್ಲ ಅಂದರೆ ಸಂಜೆಯವರೆಗೆ ಕಾಯಬೇಡಿ, ಆಗಲೇ ಡಾಕ್ಟರ ಹತ್ತಿರ ಎತ್ತಿಕೊಂಡು ಹೋಗಿ.